ಪಟ್ಟಿ ತೆರೆದಾಗ ಮೊದಲು ಯಾರು ಕಾಣಬೇಕು?

ನಿಮ್ಮ ಫೋನಿನ ಕಾಂಟ್ಯಾಕ್ಟ್ಸ್ ಒಮ್ಮೆ ತೆರೆದು ನೋಡಿ. ಮೊದಲ ಐದು ಹೆಸರು ಯಾರದ್ದು? ಅಮ್ಮನದ್ದಾ, ಹೆಂಡತಿಯದ್ದಾ, ಗಂಡನದ್ದಾ? ಹೆಚ್ಚಿನವರ ಫೋನಿನಲ್ಲಿ ಅಲ್ಲಿ ‘ಎಸಿ ರಿಪೇರಿ’ ಅಥವಾ ‘ಆಟೋ ಅಣ್ಣ’ ಕೂತಿರುತ್ತಾರೆ. ಅದೂ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದಲ್ಲಿ ಸೇವ್ ಮಾಡಿದ ‘ಅಮ್ಮ’ ಎಲ್ಲೋ ಕೆಳಗೆ. ನೀವು ಹಾಗೆ ಇಡಿ ಅಂತ ಯಾರಿಗೂ ಹೇಳಿರಲಿಲ್ಲ. ನಿಮ್ಮ ಪರವಾಗಿ ಆ ತೀರ್ಮಾನವನ್ನು ಆ್ಯಪ್ ಮಾಡಿದವರು ತೆಗೆದುಕೊಂಡಿದ್ದಾರೆ. ಇದಕ್ಕೇ ಡಿಫಾಲ್ಟ್ ಅನ್ನುವುದು.

ನಾನು ಇರುವುದು ಆದಿ ಉಡುಪಿಯಲ್ಲಿ, ಕೆಲಸ ಮಣಿಪಾಲದಲ್ಲಿ. ದಿನವಿಡೀ ನನ್ನ ಕಣ್ಣೆದುರು ಇರುವುದು ಪಟ್ಟಿಗಳೇ. ಗ್ರಾಹಕರ ಪಟ್ಟಿ, ಬಿಲ್ಲಿನ ಪಟ್ಟಿ, ಬಾಕಿಯವರ ಪಟ್ಟಿ. ಸಂಜೆ ಮನೆಗೆ ಬಂದರೆ ಭಜನಾ ಮಂದಿರದ ಸದಸ್ಯರ ಪಟ್ಟಿ, ಅಪಾರ್ಟ್‌ಮೆಂಟಿನ ಮೆಂಟೆನೆನ್ಸ್ ಪಟ್ಟಿ. “ಅಕ್ಕ, ನಿಮಗೆ ಕಂಪ್ಯೂಟರ್ ಗೊತ್ತುಂಟಲ್ಲ, ಇದೊಂದು ಸ್ವಲ್ಪ ನೋಡಿ” ಅಂತ ಯಾರಾದರೂ ಫೋನ್ ಚಾಚುವುದು ನಿತ್ಯದ ಮಾತು. ಹತ್ತರಲ್ಲಿ ಎಂಟು ಸಲ ಅವರ ತೊಂದರೆ ಒಂದೇ: “ಹಾಕಿದ್ದು ನಾನೇ, ಆದರೆ ಈಗ ಸಿಕ್ಕುವುದಿಲ್ಲ.” ಮಾಹಿತಿ ಎಲ್ಲಿಗೂ ಹೋಗಿರುವುದಿಲ್ಲ. ಹುಡುಕುವ ರೀತಿ, ಜೋಡಿಸುವ ರೀತಿ ಸರಿ ಇರುವುದಿಲ್ಲ, ಅಷ್ಟೇ.

ಆ ರಾತ್ರಿ ಶೀಟ್ ಖಾಲಿ ಇತ್ತು

ನಮ್ಮ ಕಡೆ ಯುವಕರ ಒಂದು ಬಳಗ ರಕ್ತದಾನಿಗಳ ಪಟ್ಟಿ ಇಟ್ಟುಕೊಂಡಿದೆ. ದೊಡ್ಡ ಸಂಸ್ಥೆ ಏನಲ್ಲ. ಇಂಟರ್ನೆಟ್ಟಿನಲ್ಲಿ ಎಲ್ಲರೂ ಹಂಚಿಕೊಂಡ ಒಂದು ಶೀಟ್, ಒಂದು ವಾಟ್ಸ್ಯಾಪ್ ಗುಂಪು. ಹೆಸರು, ಊರು, ತಾಲೂಕು, ರಕ್ತದ ಗುಂಪು, ಕಡೆಯ ಸಲ ಕೊಟ್ಟ ದಿನ, ಫೋನ್ ನಂಬರು. ಇಷ್ಟು ಕಾಲಂ.

ಒಂದು ಮಳೆಗಾಲದ ರಾತ್ರಿ ಹನ್ನೊಂದು ಗಂಟೆ ಹೊತ್ತಿಗೆ ಗುಂಪಿಗೆ ಕರೆ ಬಂತು. ಹೆರಿಗೆಗೆ ಸೇರಿಸಿದ ಹೆಂಗಸಿಗೆ ರಕ್ತಸ್ರಾವ, ಓ ನೆಗೆಟಿವ್ ಬೇಕು. ಓ ನೆಗೆಟಿವ್ ಇರುವವರಿಗೆ ಬೇರೆ ಗುಂಪಿನ ರಕ್ತ ಆಗುವುದಿಲ್ಲ, ಆ ಗುಂಪಿನವರು ಸಿಕ್ಕುವುದೂ ಕಡಿಮೆ. ಪಟ್ಟಿ ನೋಡಿಕೊಳ್ಳುವ ಅಣ್ಣ ಫೋನಿನಲ್ಲೇ ಶೀಟ್ ತೆರೆದು ರಕ್ತದ ಗುಂಪಿನ ಕಾಲಂನಲ್ಲಿ ಓ ನೆಗೆಟಿವ್ ಅಂತ ಫಿಲ್ಟರ್ ಹಾಕಿದರು. ಒಂದು ಸಾಲೂ ಬರಲಿಲ್ಲ. “ನಮ್ಮ ಪಟ್ಟಿಯಲ್ಲಿ ಯಾರೂ ಇಲ್ಲ ಮಾರಾಯ್ರೆ” ಅಂತ ಗುಂಪಿನಲ್ಲಿ ಹಾಕಿ, ಬೇರೆ ಊರಿನ ಗುಂಪುಗಳಿಗೆ ಫೋನ್ ಮಾಡಲು ಶುರು ಮಾಡಿದರು.

ಹತ್ತು ಹದಿನೈದು ನಿಮಿಷ ಹೀಗೇ ಹೋಯಿತು. ಆಮೇಲೆ ಗುಂಪಿನ ಒಬ್ಬ ಹುಡುಗಿ ಬರೆದಳು: “ಅಣ್ಣ, ಕುಂಜಿಬೆಟ್ಟಿನವರು ಒಬ್ಬರು ಇದ್ದರಲ್ಲ, ಓದ ವರ್ಷ ಅವರೇ ಕೊಟ್ಟದ್ದು.” ಮತ್ತೆ ಶೀಟ್ ತೆರೆದು ಎಡಗಡೆಯ ಸಾಲಿನ ನಂಬರು ನೋಡಿದರೆ ಅದು ಒಂದು, ಎರಡು, ಮೂರು ಅಂತ ಇರಲಿಲ್ಲ. ನಡುವೆ ನಂಬರುಗಳು ಹಾರಿಹೋಗಿದ್ದವು. ಎರಡು ದಿನದ ಹಿಂದೆ ಕಾರ್ಕಳದಲ್ಲಿ ಒಂದು ಶಿಬಿರ ಇತ್ತು. ಅದರ ತಯಾರಿಗೆಂದು ಯಾರೋ ತಾಲೂಕು ಕಾಲಂನಲ್ಲಿ ‘ಕಾರ್ಕಳ’ ಮಾತ್ರ ಅಂತ ಫಿಲ್ಟರ್ ಹಾಕಿದ್ದರು. ಅದು ಹಾಗೆಯೇ ಉಳಿದಿತ್ತು, ಎಲ್ಲರ ಫೋನಿನಲ್ಲೂ. ಅಣ್ಣ ಹಾಕಿದ ಎರಡನೇ ಫಿಲ್ಟರ್ ಅದರ ಮೇಲೆ ಕೂತಿತು. ಎರಡು ಫಿಲ್ಟರ್ ಒಟ್ಟಿಗೆ ಇದ್ದರೆ ಎರಡೂ ಷರತ್ತು ಪಾಸಾದ ಸಾಲು ಮಾತ್ರ ಕಾಣುತ್ತದೆ. ಅಂದರೆ ಶೀಟ್ ಹೇಳುತ್ತಿದ್ದದ್ದು ‘ಓ ನೆಗೆಟಿವ್ ಇಲ್ಲ’ ಅಂತ ಅಲ್ಲ, ‘ಕಾರ್ಕಳ ತಾಲೂಕಿನಲ್ಲಿ ಓ ನೆಗೆಟಿವ್ ಇಲ್ಲ’ ಅಂತ. ಫಿಲ್ಟರ್ ತೆಗೆದ ಕೂಡಲೇ ಉಡುಪಿ, ಕಾಪು ಕಡೆಯ ನಾಲ್ಕು ಹೆಸರು ಎದ್ದು ಬಂತು. ಕುಂಜಿಬೆಟ್ಟಿನವರು ಮಳೆಯಲ್ಲೇ ಬೈಕ್ ತೆಗೆದುಕೊಂಡು ಹೋದರು. ತಾಯಿ, ಮಗು ಇಬ್ಬರೂ ಉಳಿದರು.

ಒಳ್ಳೆಯದೇ ಆಯಿತು. ಆದರೆ ಆ ಹದಿನೈದು ನಿಮಿಷದ ಬಗ್ಗೆ ನಮ್ಮಲ್ಲಿ ಬಹಳ ಚರ್ಚೆ ಆಯಿತು. ಶಿಬಿರದ ಹುಡುಗನನ್ನು ಬೈದು ಪ್ರಯೋಜನ ಇಲ್ಲ, ಅವನು ಅವನ ಕೆಲಸ ಮಾಡಿದ್ದ. ತೊಂದರೆ ಇದ್ದದ್ದು ಒಬ್ಬನ ತಾತ್ಕಾಲಿಕ ಹುಡುಕಾಟ ಇಡೀ ಗುಂಪಿನ ಡಿಫಾಲ್ಟ್ ಆಗಿ ಉಳಿದುಬಿಟ್ಟದ್ದರಲ್ಲಿ.

ಕಾಣದ್ದು ಇಲ್ಲ ಅಂತಲ್ಲ

ಇಂಥದ್ದು ದೊಡ್ಡವರಿಗೂ ಆಗುತ್ತದೆ. 2020ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಆ ಒಂದು ವಾರದಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯಗಳಿಂದ ಬಂದ ಫಲಿತಾಂಶವನ್ನು ಹಳೆಯ ಮಾದರಿಯ ಎಕ್ಸೆಲ್ ಫೈಲಿಗೆ ತುಂಬುತ್ತಿದ್ದರು. ಆ ಮಾದರಿಯ ಒಂದು ಹಾಳೆಯಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮೀರಿದ್ದು ಸದ್ದಿಲ್ಲದೆ ಹೊರಗೆ ಉಳಿಯಿತು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು. ಕಾರಣ ಬೇರೆ, ಪಾಠ ಒಂದೇ. ಪರದೆಯ ಮೇಲೆ ಕಾಣದ ಸಾಲನ್ನು ನಮ್ಮ ಮನಸ್ಸು ‘ಇಲ್ಲ’ ಅಂತಲೇ ಓದುತ್ತದೆ.

ಇನ್ನೊಂದು ವಿಷಯ ತಿಳಿದಿದ್ದರೆ ಒಳ್ಳೆಯದು. ಡೇಟಾಬೇಸಿನ ಟೇಬಲಿಗೆ ಸ್ವಂತ ಕ್ರಮ ಅಂತ ಇಲ್ಲವೇ ಇಲ್ಲ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮುಂದಿಟ್ಟ ರಿಲೇಷನಲ್ ಮಾದರಿಯಲ್ಲಿ ಸಾಲುಗಳು ಒಂದು ಚೀಲದಲ್ಲಿ ಹಾಕಿದ ಗೋಲಿಗಳ ಹಾಗೆ. ಯಾವ ಕ್ರಮದಲ್ಲಿ ಬೇಕು ಅಂತ ನಾವು ಕೇಳಬೇಕು. ಎಸ್‌ಕ್ಯೂಎಲ್‌ನಲ್ಲಿ ‘ಆರ್ಡರ್ ಬೈ’ ಅಂತ ಬರೆಯದಿದ್ದರೆ ಇವತ್ತು ಬಂದ ಕ್ರಮದಲ್ಲೇ ನಾಳೆಯೂ ಬರುತ್ತದೆ ಅನ್ನುವ ಖಾತ್ರಿ ಇಲ್ಲ. “ಯಾವಾಗಲೂ ಹೊಸದು ಮೇಲೆ ಬರುತ್ತಿತ್ತು, ಈಗ ಎಂತ ಆಯಿತು?” ಅಂತ ಕೇಳುವವರಿಗೆ ಉತ್ತರ ಇಷ್ಟೇ: ಇಷ್ಟು ದಿನ ಅದೃಷ್ಟ ಇತ್ತು.

ಹಾಗಾಗಿ ಹುಡುಕುವ ಮತ್ತು ಜೋಡಿಸುವ ರೀತಿಯನ್ನು ಒಮ್ಮೆ ಯೋಚಿಸಿ, ಹೆಸರಿಟ್ಟು ಸೇವ್ ಮಾಡಿಡುವುದು ಒಳ್ಳೆಯದು. ಪ್ರತಿ ಸಲ ಹೊಸದಾಗಿ ಒತ್ತುವುದಕ್ಕಿಂತ ಅದು ಎಷ್ಟೋ ಮೇಲು.

ಎಲ್ಲಿ, ಹೇಗೆ ಸೇವ್ ಮಾಡುವುದು?

ಗೂಗಲ್ ಶೀಟ್ಸ್ ಬಳಸುವವರು ಎರಡು ಹೆಸರುಗಳ ವ್ಯತ್ಯಾಸ ನೆನಪಿಡಬೇಕು. ‘ಫಿಲ್ಟರ್’ ಅಂದರೆ ಎಲ್ಲರಿಗೂ ಒಂದೇ. ನೀವು ಹಾಕಿದ್ದು ನಿಮ್ಮ ಬಾಸಿಗೂ ಕಾಣುತ್ತದೆ, ನಿಮ್ಮ ತಮ್ಮನಿಗೂ ಕಾಣುತ್ತದೆ. ‘ಫಿಲ್ಟರ್ ವ್ಯೂ’ ಅಂದರೆ ಹೆಸರಿಟ್ಟು ಉಳಿಸಿದ ಒಂದು ನೋಟ. ಅದನ್ನು ತೆರೆದವರಿಗೆ ಮಾತ್ರ ಆ ಜೋಡಣೆ ಕಾಣುತ್ತದೆ, ಉಳಿದವರ ಪರದೆ ಹಾಗೆಯೇ ಇರುತ್ತದೆ. ಕಂಪ್ಯೂಟರಿನಲ್ಲಿ ‘ಡೇಟಾ’ ಮೆನುವಿನಿಂದ ಒಮ್ಮೆ ಮಾಡಿಟ್ಟರೆ ಅದರ ಲಿಂಕನ್ನು ಗುಂಪಿನಲ್ಲಿ ಪಿನ್ ಮಾಡಬಹುದು. ಮೈಕ್ರೋಸಾಫ್ಟ್ 365ರ ಎಕ್ಸೆಲ್‌ನಲ್ಲಿ ಹಂಚಿಕೊಂಡ ಫೈಲುಗಳಿಗೆ ‘ಶೀಟ್ ವ್ಯೂ’ ಅಂತ ಇದೇ ರೀತಿಯ ವ್ಯವಸ್ಥೆ ಉಂಟು.

ಮೈಕ್ರೋಸಾಫ್ಟ್ ಆ್ಯಕ್ಸೆಸ್ ಇನ್ನೂ ಎಷ್ಟೋ ಕಚೇರಿ, ಅಂಗಡಿಗಳಲ್ಲಿ ಜೀವಂತ ಇದೆ. ಅದರಲ್ಲಿ ಫಾರ್ಮ್ ಅಥವಾ ಟೇಬಲಿನ ಪ್ರಾಪರ್ಟಿ ಶೀಟ್ ತೆರೆದರೆ ‘ಆರ್ಡರ್ ಬೈ’ ಅಂತ ಒಂದು ಜಾಗ, ‘ಆರ್ಡರ್ ಬೈ ಆನ್ ಲೋಡ್’ ಅಂತ ಇನ್ನೊಂದು. ಮೊದಲನೆಯದರಲ್ಲಿ ಕಾಲಂ ಹೆಸರು, ಎರಡನೆಯದರಲ್ಲಿ ‘ಯೆಸ್’ ಇದ್ದರೆ ತೆರೆದ ಕೂಡಲೇ ಆ ಕ್ರಮದಲ್ಲೇ ಬರುತ್ತದೆ. ‘ಫಿಲ್ಟರ್ ಆನ್ ಲೋಡ್’ ಅನ್ನುವುದು ಮಾಮೂಲಾಗಿ ‘ನೋ’ ಇರುತ್ತದೆ. ಅದನ್ನು ಹಾಗೆಯೇ ಬಿಡುವುದು ಕ್ಷೇಮ. ಜೋಡಣೆ ನೆನಪಿರಲಿ, ಸೋಸಿದ್ದು ಮರೆತುಹೋಗಲಿ. ನಮ್ಮ ರಕ್ತದಾನಿಗಳ ಶೀಟಿನಲ್ಲಿ ಇಲ್ಲದೇ ಹೋದ ಗುಣ ಇದೇ.

ಹುಡುಕುವುದಕ್ಕೂ ಆ್ಯಕ್ಸೆಸ್‌ನಲ್ಲಿ ಡಿಫಾಲ್ಟ್ ಉಂಟು. ಆಪ್ಷನ್ಸ್ ಒಳಗೆ ‘ಕ್ಲೈಂಟ್ ಸೆಟ್ಟಿಂಗ್ಸ್’ನಲ್ಲಿ ಮೂರು ಆಯ್ಕೆ. ‘ಫಾಸ್ಟ್ ಸರ್ಚ್’ ಅಂದರೆ ನೀವು ನಿಂತಿರುವ ಕಾಲಂನಲ್ಲಿ ಮಾತ್ರ, ಅದೂ ಪೂರ್ತಿ ಹೊಂದಿದರೆ ಮಾತ್ರ. ‘ಜನರಲ್ ಸರ್ಚ್’ ಅಂದರೆ ಎಲ್ಲ ಕಾಲಂ, ಪದದ ಯಾವ ಭಾಗ ಹೊಂದಿದರೂ ಸರಿ. ‘ಸ್ಟಾರ್ಟ್ ಆಫ್ ಫೀಲ್ಡ್’ ಅಂದರೆ ನಿಂತಿರುವ ಕಾಲಂನಲ್ಲಿ ಆರಂಭದ ಅಕ್ಷರ ಹೊಂದಿದರೆ ಸಾಕು. ಹಾರ್ಡ್‌ವೇರ್ ಅಂಗಡಿಯ ಪಟ್ಟಿಯಲ್ಲಿ ‘ಪೈ’ ಅಂತ ಜನರಲ್ ಸರ್ಚ್ ಕೊಟ್ಟರೆ ಪೈಗಳ ಮನೆಯ ಬಾಕಿ ಜತೆಗೆ ಅಂಗಡಿಯ ಪೈಪುಗಳೆಲ್ಲ ಸಾಲಾಗಿ ಬರುತ್ತವೆ. ಫಾಸ್ಟ್ ಸರ್ಚ್ ಕೊಟ್ಟರೆ ‘ರಮೇಶ ಪೈ’ ಕೂಡ ಸಿಕ್ಕುವುದಿಲ್ಲ. ಯಾವುದು ಸರಿ ಅನ್ನುವುದು ಕೆಲಸದ ಮೇಲೆ ಹೋಗುತ್ತದೆ. ಆಯ್ಕೆ ಯಾವುದಿದೆ ಅಂತ ಗೊತ್ತಿರುವುದು ಮುಖ್ಯ.

ಎಕ್ಸೆಲ್‌ನಲ್ಲಿ ಇನ್ನೊಂದು ಸಣ್ಣ ಬಲೆ. ಫೈಂಡ್ ಪೆಟ್ಟಿಗೆ ನೀವು ಕೊನೆಗೆ ಹಾಕಿದ ಟಿಕ್‌ಗಳನ್ನು ನೆನಪಿಟ್ಟುಕೊಂಡಿರುತ್ತದೆ. ಬೆಳಿಗ್ಗೆ ‘ಇಡೀ ಸೆಲ್ ಹೊಂದಬೇಕು’ ಅಂತ ಟಿಕ್ ಹಾಕಿದ್ದರೆ ಮಧ್ಯಾಹ್ನದ ಹುಡುಕಾಟಕ್ಕೂ ಅದೇ ಷರತ್ತು. ಜೊತೆಗೆ, ಫಿಲ್ಟರ್ ಮುಚ್ಚಿಟ್ಟ ಸಾಲುಗಳನ್ನು ಫೈಂಡ್ ಹುಡುಕುವುದೇ ಇಲ್ಲ.

ಕನ್ನಡದ ಅಕಾರಾದಿ ಮತ್ತು ಯಂತ್ರದ ಅಕಾರಾದಿ

ಇಷ್ಟು ಎಲ್ಲ ಭಾಷೆಯವರಿಗೂ ಇರುವ ಪಾಡು. ಕನ್ನಡದಲ್ಲಿ ಪಟ್ಟಿ ಇಡುವವರಿಗೆ ಇನ್ನೊಂದು ಸುತ್ತು ಉಂಟು.

ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಕನ್ನಡದ ‘ಅ’ಗೆ 3205, ‘ಕ’ಗೆ 3221, ‘ಲ’ಗೆ 3250. ತುಂಬಾ ಸಾಫ್ಟ್‌ವೇರುಗಳು ಬೇರೇನೂ ಹೇಳದಿದ್ದರೆ ಈ ಸಂಖ್ಯೆ ನೋಡಿಯೇ ಜೋಡಿಸುತ್ತವೆ. ಫೋನಿನ ಆ್ಯಪ್‌ಗಳ ಒಳಗೆ ಇರುವ ಎಸ್‌ಕ್ಯೂಲೈಟ್ ಡೇಟಾಬೇಸಿನ ಮಾಮೂಲಿ ಕ್ರಮವೂ ಇದೇ ಬಗೆಯದು. ಇಂಗ್ಲಿಷ್ ಅಕ್ಷರಗಳ ಸಂಖ್ಯೆ ಕನ್ನಡಕ್ಕಿಂತ ಚಿಕ್ಕದು, ಹಾಗಾಗಿ ಎರಡೂ ಲಿಪಿ ಬೆರೆತ ಪಟ್ಟಿಯಲ್ಲಿ ಇಂಗ್ಲಿಷ್ ಹೆಸರೆಲ್ಲ ಮೊದಲು, ಕನ್ನಡದವು ಆಮೇಲೆ.

ಈಗ ಎರಡು ಅಕ್ಷರ ನೋಡಿ. ನಾವು ಶಾಲೆಯಲ್ಲಿ ಕಲಿತದ್ದು ‘ಯ ರ ಲ ವ ಶ ಷ ಸ ಹ ಳ’. ‘ಳ’ ಕಟ್ಟಕಡೆಗೆ. ಯೂನಿಕೋಡ್‌ನಲ್ಲಿ ‘ಳ’ದ ಸಂಖ್ಯೆ 3251, ‘ಲ’ದ ಪಕ್ಕದಲ್ಲೇ. ‘ಸ’ 3256, ‘ಹ’ 3257. ಸಂಖ್ಯೆ ನೋಡಿ ಜೋಡಿಸಿದರೆ ಬಳ್ಕುಂಜೆ ಮೊದಲು, ಬಸ್ರೂರು ಆಮೇಲೆ. ವರ್ಣಮಾಲೆಯ ಪ್ರಕಾರ ಬಸ್ರೂರು ಮೊದಲು, ಬಳ್ಕುಂಜೆ ಆಮೇಲೆ. ಐವತ್ತು ಸಾಲಿನ ಪಟ್ಟಿಯಲ್ಲಿ ಇದು ದೊಡ್ಡ ವಿಷಯ ಅಲ್ಲ. ಐದು ಸಾವಿರ ಸಾಲಿನ ಪ್ರಿಂಟ್ ತೆಗೆದ ಪಟ್ಟಿಯಲ್ಲಿ, ಅಕ್ಷರಮಾಲೆ ಸರಿಯಾಗಿ ಕಲಿತ ಹಿರಿಯರೊಬ್ಬರು ‘ಹ’ ಆದ ಮೇಲೆ ‘ಳ’ ಹುಡುಕಿ, ಸಿಕ್ಕದೆ, “ನಮ್ಮ ಹೆಸರೇ ಬಿಟ್ಟಿದ್ದೀರಿ” ಅನ್ನುತ್ತಾರೆ.

ಅನುಸ್ವಾರದ್ದು ಇನ್ನೂ ಸ್ವಾರಸ್ಯ. ಅದರ ಸಂಖ್ಯೆ 3202, ‘ಅ’ಗಿಂತಲೂ ಮೊದಲು. ಹಾಗಾಗಿ ಯಂತ್ರದ ಕ್ರಮದಲ್ಲಿ ಕುಂಜಿಬೆಟ್ಟು, ಕುಂದಾಪುರ ಮೊದಲು ಬಂದು ಕುಕ್ಕಿಕಟ್ಟೆ ಅವುಗಳ ಹಿಂದೆ ನಿಲ್ಲುತ್ತದೆ. ಇದು ತಪ್ಪು ಅನ್ನುವ ಹಾಗಿಲ್ಲ. ವರ್ಣಮಾಲೆಯಲ್ಲಿ ‘ಅಂ ಅಃ’ ಬರುವುದು ‘ಔ’ ಆದ ಮೇಲೆ. ಆದರೆ ನಮ್ಮ ಅನೇಕ ನಿಘಂಟುಗಳಲ್ಲಿ ‘ಅಂಕ’ ಮೊದಲ ಪುಟದಲ್ಲೇ ಸಿಗುತ್ತದೆ. ಎರಡೂ ಪದ್ಧತಿ ಬಳಕೆಯಲ್ಲಿವೆ. ಯಾವುದನ್ನು ಹಿಡಿದಿದ್ದೇವೆ ಅಂತ ಪಟ್ಟಿ ಇಟ್ಟವರು ಒಮ್ಮೆ ನಿರ್ಧರಿಸಿ, ಬಳಸುವವರಿಗೆ ಹೇಳಿದರೆ ಸಾಕು.

ಕ್ರಮದ ಬಗ್ಗೆ ತಲೆಕೆಡಿಸಿಕೊಳ್ಳುವುದು ನಮ್ಮ ಊರಿಗೆ ಹೊಸದಲ್ಲ. ಉಡುಪಿಯ ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟಿನ ಆರು ಸಂಪುಟಗಳು 1988ರಿಂದ 1997ರ ನಡುವೆ ಹೊರಬಂದವು. ಒಂದೇ ಪದ ಒಂದೊಂದು ಕಡೆ ಒಂದೊಂದು ರೀತಿ ಕೇಳಿಬರುವ ಭಾಷೆಯಲ್ಲಿ ಯಾವ ರೂಪವನ್ನು ಮುಖ್ಯವಾಗಿಟ್ಟು ಉಳಿದವನ್ನು ಅದರ ಕೆಳಗೆ ಹಾಕಬೇಕು ಅನ್ನುವುದು ನಿಘಂಟು ಮಾಡುವವರ ನಿತ್ಯದ ಪ್ರಶ್ನೆ. ಇಂದಿನ ಭಾಷೆಯಲ್ಲಿ ಅದೂ ಡಿಫಾಲ್ಟ್ ಸರ್ಚಿನ ಪ್ರಶ್ನೆಯೇ. ಓದುಗ ಯಾವ ಅಕ್ಷರದಲ್ಲಿ ಹುಡುಕಿಕೊಂಡು ಬಂದಾನು? ಇನ್ನು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಕೀಲಿಮಣೆಯ ವಿನ್ಯಾಸ ಕೊಟ್ಟ ನಾಡೋಜ ಕೆ.ಪಿ. ರಾವ್ ಅವರ ಹೆಸರೂ ಉಡುಪಿ–ಮಣಿಪಾಲಕ್ಕೆ ಸೇರಿದ್ದೇ. ‘ನುಡಿ’ಯಲ್ಲಿ ನಾವು ಒತ್ತುವ ಕೀಲಿಗಳ ಮೂಲ ಅವರ ವಿನ್ಯಾಸ.

ನುಡಿ ಅಂದಾಗ ಒಂದು ಎಚ್ಚರ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳು, ಮೇಲೆ ಕನ್ನಡದ ಬಟ್ಟೆ. ಅಂಥ ಪಟ್ಟಿಯಲ್ಲಿ ಯೂನಿಕೋಡ್‌ನಲ್ಲಿ ‘ಉಡುಪಿ’ ಅಂತ ಹುಡುಕಿದರೆ ಏನೂ ಸಿಕ್ಕುವುದಿಲ್ಲ. ಜೋಡಿಸಿದರೆ ಯಾವ ಅಕಾರಾದಿಗೂ ಸೇರದ ಕ್ರಮ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಮಿಕ್ಕ ಕೆಲಸ.

ಪರಿಹಾರ ಉಂಟು. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ‘ಸಾರ್ಟ್’ ಪೆಟ್ಟಿಗೆಯ ಆಪ್ಷನ್ಸ್ ಭಾಗದಲ್ಲಿ ಭಾಷೆಯನ್ನು ಕನ್ನಡ ಅಂತ ಆರಿಸಬಹುದು. ಎಕ್ಸೆಲ್ ಜೋಡಿಸುವ ಕ್ರಮ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗನ್ನು ಅನುಸರಿಸಿ ಬದಲಾಗುತ್ತದೆ. ನೀವೇ ಆ್ಯಪ್ ಕಟ್ಟುವವರಾದರೆ ‘ಕೊಲೇಷನ್’ ಅನ್ನುವ ಪದ ನೆನಪಿಡಿ, ಭಾಷೆವಾರು ಜೋಡಣೆಯ ನಿಯಮ ಅದು. ಪೋಸ್ಟ್‌ಗ್ರೆಸ್‌ನಲ್ಲಿ ಕನ್ನಡದ ಐಸಿಯು ಕೊಲೇಷನ್ ಆರಿಸಿಕೊಳ್ಳಬಹುದು. ಟೇಬಲ್ ಮಾಡುವಾಗಲೇ ಇದನ್ನು ಹೇಳಿಬಿಟ್ಟರೆ ಪ್ರತಿ ಸಲ ಹೇಳುವ ತಾಪತ್ರಯ ಇಲ್ಲ.

ಕಾಪು, ಕಾಪ್, ಕೌಪ್

ಹುಡುಕಾಟದಲ್ಲಿ ಕೈಕೊಡುವುದು ಹೆಚ್ಚಾಗಿ ಕಾಗುಣಿತ. ನಮ್ಮ ಕಾಪು ಇಂಗ್ಲಿಷಿನ ಹಳೆಯ ಬರಹದಲ್ಲಿ ಕೌಪ್. ಉಡುಪಿ ‘ಉಡಿಪಿ’. ಬ್ರಹ್ಮಾವರಕ್ಕೆ ಕೊನೆಯ ಅಕ್ಷರ ಒಬ್ಬರು ಹಾಕುತ್ತಾರೆ, ಒಬ್ಬರು ಬಿಡುತ್ತಾರೆ. ರಕ್ತದ ಗುಂಪಿನಲ್ಲಿ ಇಂಗ್ಲಿಷಿನ ಓ ಅಕ್ಷರದ ಬದಲು ಸೊನ್ನೆ ಒತ್ತಿದವರು ಎಷ್ಟೋ ಜನ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಕನ್ನಡದಲ್ಲಿ ‘ರಾಜ್‌ಕುಮಾರ್’ ಅಂತ ಒತ್ತಕ್ಷರ ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು. ಅದಿಲ್ಲದೆ ಹುಡುಕಿದರೆ ಕೆಲವು ಸಾಫ್ಟ್‌ವೇರಿಗೆ ಅದು ಬೇರೆಯೇ ಮನುಷ್ಯ.

ಇದಕ್ಕೆ ಮದ್ದು ಎರಡು. ಒಂದು, ಊರು, ತಾಲೂಕು, ರಕ್ತದ ಗುಂಪು ಇಂಥವನ್ನು ಟೈಪ್ ಮಾಡಲು ಬಿಡದೆ ಡ್ರಾಪ್‌ಡೌನ್ ಕೊಡುವುದು. ಎರಡು, ಮುಖ್ಯ ಹುಡುಕಾಟವನ್ನು ಹೆಸರಿನ ಮೇಲೆ ನಿಲ್ಲಿಸದೆ ಬದಲಾಗದ ಒಂದು ನಂಬರಿನ ಮೇಲೆ ನಿಲ್ಲಿಸುವುದು. ಕರ್ನಾಟಕದ ‘ಭೂಮಿ’ ಯೋಜನೆಯನ್ನು ನೆನಪಿಸಿಕೊಳ್ಳಿ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಆ ವ್ಯವಸ್ಥೆಯಲ್ಲಿ ಪಹಣಿ ತೆಗೆಯುವಾಗ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಆರಿಸಿ, ಸರ್ವೆ ನಂಬರು, ಹಿಸ್ಸಾ ನಂಬರು ಕೊಡುತ್ತೇವೆ. ಅಜ್ಜನ ಹೆಸರು ಮೂರು ರೀತಿ ಬರೆದಿರಬಹುದು, ಸರ್ವೆ ನಂಬರು ಆ ಜಾಗಕ್ಕೆ ಅಂಟಿಕೊಂಡಿರುತ್ತದೆ.

ಆದರೆ ಗಡಿಗಳೂ ಬದಲಾಗುತ್ತವೆ. 1997ರಲ್ಲಿ ಉಡುಪಿ ಜಿಲ್ಲೆ ಆದಾಗ ಇದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಮೂರೇ ತಾಲೂಕು. ಈಗ ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಸೇರಿ ಏಳು. ಹತ್ತು ವರ್ಷದ ಹಿಂದೆ ‘ತಾಲೂಕು = ಉಡುಪಿ’ ಅಂತ ಸೇವ್ ಮಾಡಿದ ಫಿಲ್ಟರ್ ಆಗ ಕಾಪುವಿನವರನ್ನೂ ತೋರಿಸುತ್ತಿತ್ತು. ಹೊಸದಾಗಿ ಸೇರಿದ ಕಾಪುವಿನವರನ್ನು ಈಗ ತೋರಿಸುವುದಿಲ್ಲ. ಸೇವ್ ಮಾಡಿದ ಸೆಟ್ಟಿಂಗಿಗೂ ವಯಸ್ಸಾಗುತ್ತದೆ. ವರ್ಷಕ್ಕೊಮ್ಮೆ ತೆಗೆದು ನೋಡಬೇಕು.

ದಿನಾಂಕ, ಮನೆ ನಂಬರು

ರಕ್ತ ಕೊಟ್ಟ ಗಂಡಸರು ಮತ್ತೆ ಕೊಡಲು ಕನಿಷ್ಠ 90 ದಿನ, ಹೆಂಗಸರು 120 ದಿನ ಬಿಡಬೇಕು. ಹಾಗಾಗಿ ಈ ಪಟ್ಟಿಗೆ ದಿನಾಂಕವೇ ಪ್ರಾಣ. ಶೀಟಿನ ಲೊಕೇಲ್ ಅಮೆರಿಕ ಅಂತ ಇದ್ದರೆ 05-06-2024 ಅನ್ನುವುದು ನಮಗೆ ಜೂನ್ 5, ಅದಕ್ಕೆ ಮೇ 6. 13-06-2024 ಅಂತ ಹಾಕಿದರೆ ಹದಿಮೂರನೇ ತಿಂಗಳು ಇಲ್ಲದ ಕಾರಣ ಅದನ್ನು ದಿನಾಂಕ ಅಂತಲೇ ಒಪ್ಪುವುದಿಲ್ಲ, ಬರೀ ಅಕ್ಷರ ಅಂತ ಇಟ್ಟುಕೊಳ್ಳುತ್ತದೆ. ಅರ್ಧ ಪಟ್ಟಿ ತಲೆಕೆಳಗು, ಇನ್ನರ್ಧ ದಿನಾಂಕವೇ ಅಲ್ಲ. ಫೈಲ್ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ‘ಇಂಡಿಯಾ’ ಅಂತ ಮಾಡುವುದು ಮೊದಲ ಕೆಲಸ. ಆಮೇಲೆ ಫಿಲ್ಟರಿನಲ್ಲಿ ನಿಗದಿತ ದಿನಾಂಕ ಹಾಕಬೇಡಿ, ಅದು ಮರುವಾರಕ್ಕೆ ಹಳತಾಗುತ್ತದೆ. ‘ಇಂದಿಗೆ ಎಷ್ಟು ದಿನ ಆಯಿತು’ ಅಂತ ಲೆಕ್ಕ ಹಾಕುವ ಒಂದು ಕಾಲಂ ಮಾಡಿ, ಅದರ ಮೇಲೆ ಫಿಲ್ಟರ್ ಇಡಿ. ಎಕ್ಸೆಲ್ ಆದರೆ ತೆರೆದಾಗ ‘ರೀಅಪ್ಲೈ’ ಒತ್ತಲು ಮರೆಯಬೇಡಿ, ಫಿಲ್ಟರ್ ತಾನಾಗಿ ಹೊಸ ಲೆಕ್ಕ ನೋಡುವುದಿಲ್ಲ.

ಮನೆ ನಂಬರು ಇನ್ನೊಂದು ತಮಾಷೆ. ನಮ್ಮಲ್ಲಿ 3-12 ಅಂತ ಮನೆ ನಂಬರು ಸಾಮಾನ್ಯ. ಎಕ್ಸೆಲ್ ಅದನ್ನು ಡಿಸೆಂಬರ್ ಅಥವಾ ಮಾರ್ಚಿನ ಒಂದು ದಿನ ಮಾಡಿಬಿಡುತ್ತದೆ. ಇದು ನಮ್ಮೂರಿನ ಗೋಳು ಮಾತ್ರ ಅಲ್ಲ. ಮನುಷ್ಯನ ಜೀನ್‌ಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿ 2020ರಲ್ಲಿ ‘ಮಾರ್ಚ್1’, ‘ಸೆಪ್ಟ್1’ ಇಂಥ ಜೀನ್‌ಗಳ ಹೆಸರನ್ನೇ ಬದಲಿಸಿದ್ದನ್ನು ಪ್ರಕಟಿಸಿತು. ಎಕ್ಸೆಲ್ ಅವನ್ನು ದಿನಾಂಕ ಮಾಡುತ್ತಿದ್ದದ್ದು ಕಾರಣ. ನಾವು ಮನೆ ನಂಬರು ಬದಲಿಸಲು ಆಗುವುದಿಲ್ಲ. ಟೈಪ್ ಮಾಡುವ ಮೊದಲೇ ಆ ಕಾಲಂನ ಫಾರ್ಮ್ಯಾಟ್ ‘ಟೆಕ್ಸ್ಟ್’ ಅಂತ ಮಾಡಿದರೆ ಸಾಕು. ಆಗ ಜೋಡಿಸುವಾಗ 3-2ಕ್ಕಿಂತ 3-10 ಮೊದಲು ಬರುತ್ತದೆ, ಅಕ್ಷರಗಳ ಲೆಕ್ಕದಲ್ಲಿ ಒಂದು ಎರಡಕ್ಕಿಂತ ಚಿಕ್ಕದು. ಲಿಬ್ರೆಆಫೀಸಿನ ‘ನ್ಯಾಚುರಲ್ ಸಾರ್ಟ್’ ಟಿಕ್ ಇದನ್ನು ಸರಿಮಾಡುತ್ತದೆ.

ನಮ್ಮ ಬಳಗ ಈಗ ಇಟ್ಟುಕೊಂಡ ನಾಲ್ಕು ನಿಯಮ

ಒಂದು: ಮೂಲ ಶೀಟಿಗೆ ಯಾರೂ ಫಿಲ್ಟರ್ ಹಾಕುವ ಹಾಗಿಲ್ಲ. ‘ತುರ್ತು’, ‘ಶಿಬಿರ’, ‘ಫೋನ್ ನಂಬರು ಪರಿಶೀಲನೆ’ ಅಂತ ಮೂರು ವ್ಯೂ ಹೆಸರಿಟ್ಟು ಉಳಿಸಿದ್ದೇವೆ. ‘ತುರ್ತು’ ವ್ಯೂನಲ್ಲಿ ತಾಲೂಕಿನ ಷರತ್ತೇ ಇಲ್ಲ. ರಕ್ತದ ಗುಂಪಿನ ಪ್ರಕಾರ, ಅದರೊಳಗೆ ರಕ್ತ ಕೊಟ್ಟು ಹೆಚ್ಚು ದಿನ ಆದವರು ಮೊದಲು.

ಎರಡು: ಶೀಟಿನ ತಲೆಯಲ್ಲಿ ಒಟ್ಟು ದಾನಿಗಳ ಸಂಖ್ಯೆ, ಈಗ ಕಾಣುತ್ತಿರುವವರ ಸಂಖ್ಯೆ ಎರಡೂ ಪಕ್ಕಪಕ್ಕ ಬರುವ ಹಾಗೆ ಸೂತ್ರ ಹಾಕಿದ್ದೇವೆ. ‘ಸಬ್‌ಟೋಟಲ್’ ಸೂತ್ರ ಫಿಲ್ಟರಿನಲ್ಲಿ ಉಳಿದ ಸಾಲುಗಳನ್ನು ಮಾತ್ರ ಎಣಿಸುತ್ತದೆ. ಎರಡು ಸಂಖ್ಯೆ ಬೇರೆ ಇದ್ದರೆ ಏನೋ ಮುಚ್ಚಿದೆ ಅಂತ ಯಾರಿಗಾದರೂ ತಿಳಿಯುತ್ತದೆ.

ಮೂರು: “ಇಲ್ಲ” ಅಂತ ಗುಂಪಿನಲ್ಲಿ ಬರೆಯುವ ಮೊದಲು ಇನ್ನೊಬ್ಬರು ಅವರ ಫೋನಿನಲ್ಲಿ ನೋಡಬೇಕು.

ನಾಲ್ಕು: ಲಿಂಕ್ ಎಲ್ಲರಿಗೂ ಅಲ್ಲ. ರಕ್ತದ ಗುಂಪು, ಫೋನ್ ನಂಬರು ಅವರವರ ಖಾಸಗಿ ಮಾಹಿತಿ. ಪಟ್ಟಿಯಲ್ಲಿ ಇರಲು ಒಪ್ಪಿಗೆ ಕೇಳಿ, ಬೇಡ ಅಂದವರ ಹೆಸರು ಅಳಿಸಿದ್ದೇವೆ. ತಿದ್ದುವ ಅಧಿಕಾರ ಮೂವರಿಗೆ, ಉಳಿದವರಿಗೆ ನೋಡುವುದು ಮಾತ್ರ. ನೋಡಲು ಮಾತ್ರ ಅನುಮತಿ ಇರುವವರೂ ತಮಗಾಗಿ ತಾತ್ಕಾಲಿಕ ವ್ಯೂ ಮಾಡಿಕೊಳ್ಳಬಹುದು, ಹಾಗಾಗಿ ಯಾರಿಗೂ ತೊಂದರೆ ಆಗಿಲ್ಲ.

ಮೂರನೆಯದರ ಬಗ್ಗೆ ಒಬ್ಬ ಹುಡುಗ ಕೇಳಿದ: “ಅಕ್ಕ, ಇದಕ್ಕೆಲ್ಲ ನಿಯಮ ಬೇಕಾ? ಸ್ವಲ್ಪ ಜಾಗ್ರತೆ ಇದ್ದರೆ ಸಾಲದಾ?” ಹಗಲು ಹೊತ್ತು, ಎಸಿ ಕಚೇರಿಯಲ್ಲಿ ಸಾಕು. ರಾತ್ರಿ ಹನ್ನೊಂದಕ್ಕೆ, ಮಳೆಯಲ್ಲಿ, ಆಚೆ ಕಡೆ ಅಳುತ್ತಿರುವವರು ಲೈನಿನಲ್ಲಿ ಇರುವಾಗ ಯಾರ ಜಾಗ್ರತೆಯೂ ಪೂರ್ತಿ ಇರುವುದಿಲ್ಲ. ಆ ಹೊತ್ತಿಗೆಂದೇ ಸೆಟ್ಟಿಂಗನ್ನು ಮೊದಲೇ ಮಾಡಿಡುವುದು.

ನಿಮ್ಮ ಕೈಯಲ್ಲೂ ಇಂಥ ಒಂದಾದರೂ ಪಟ್ಟಿ ಇರುತ್ತದೆ. ಅಪ್ಪ ಅಮ್ಮನ ಔಷಧಿಯದ್ದು, ಸೊಸೈಟಿಯದ್ದು, ಟೀಮಿನದ್ದು. ಈ ವಾರ ಒಮ್ಮೆ ಅದನ್ನು ನಿಮ್ಮ ಫೋನಿನಲ್ಲಿ ಅಲ್ಲ, ಮನೆಯ ಇನ್ನೊಬ್ಬರ ಫೋನಿನಲ್ಲಿ ತೆರೆಯಿರಿ. ಮೊದಲ ಸಾಲಿನಲ್ಲಿ ಏನು ಕಾಣುತ್ತದೆ, ಸಾಲಿನ ನಂಬರು ನಡುವೆ ಹಾರಿದೆಯಾ, ಕನ್ನಡದಲ್ಲಿ ಹುಡುಕಿದರೆ ಸಿಗುತ್ತದಾ ಅಂತ ನೋಡಿ. ಕಂಡದ್ದನ್ನು ಓದುಗರ ಅಂಕಣಕ್ಕೆ ಬರೆದು ಕಳಿಸಿ. ಬೇರೆ ಊರಿನವರು ಈ ತೊಡಕನ್ನು ಹೇಗೆ ಬಿಡಿಸಿಕೊಂಡಿದ್ದಾರೆ ಅಂತ ತಿಳಿದರೆ ನಮ್ಮ ಶೀಟಿಗೂ ಉಪಯೋಗ ಆದೀತು.